ಪುಳಿಯೋಗರೆ ಡಬ್ಬಿ ನಡುವಿನ ರೇಡಿಯೊ

ಅತ್ತಿಬೆಲೆಯ ನಮ್ಮ ಮನೆಯಿಂದ ಆನೇಕಲ್ ದಾಟಿದರೆ ಮುತ್ಯಾಲಮಡುವು. ಮಳೆಗಾಲದಲ್ಲಿ ಒಂದು ಭಾನುವಾರ ಪುಳಿಯೋಗರೆ ಕಟ್ಟಿಕೊಂಡು ಮನೆಮಂದಿಯೆಲ್ಲ ಅಲ್ಲಿಗೆ ಹೋಗೋದು ರೂಢಿ. ಹೋದ ವರ್ಷ ಅಪ್ಪ ಹಳ್ಳದ ಗುಂಟ ನಡೆಯುತ್ತಾ ಕಣ್ಮರೆಯಾದರು. ಸಕ್ಕರೆ ಕಾಯಿಲೆ ಬೇರೆ. ಕಣಿವೆಯೊಳಗೆ ಯಾರ ಮೊಬೈಲಿಗೂ ಸಿಗ್ನಲ್ ಇಲ್ಲ. ನಲವತ್ತು ನಿಮಿಷ ಕೂಗಿ ಹುಡುಕಿದಾಗ ಬಂಡೆಗೆ ಒರಗಿ ಬೆವರುತ್ತಾ ಕೂತಿದ್ದರು.

ಈ ಸಲ ನಾಲ್ಕು ಮೆಶ್‌ಟಾಸ್ಟಿಕ್ ಸಾಧನ ತರಿಸಿದೆ. ಸಿಮ್ ಬೇಡ, ಟವರ್ ಬೇಡ. ಬ್ಲೂಟೂತ್‌ನಲ್ಲಿ ಮೊಬೈಲಿಗೆ ಜೋಡಿಸಿ ಸಂದೇಶ ಬರೆದರೆ ಲೋರಾ ರೇಡಿಯೊ ಅಲೆಯಲ್ಲಿ ಹೋಗುತ್ತದೆ. ಕೇಳಿಸಿಕೊಂಡ ಸಾಧನ ಅದನ್ನು ಮುಂದಿನದಕ್ಕೆ ದಾಟಿಸುತ್ತದೆ, ಸೆಟ್ಟಿಂಗ್ ಮುಟ್ಟದಿದ್ದರೆ ಮೂರು ಜಿಗಿತದವರೆಗೆ. ಮಾತಾಡೋಕೆ ಬರಲ್ಲ, ಅಕ್ಷರ ಮಾತ್ರ. ಅದೂ ಸುಮಾರು 200 ಬೈಟ್. ನಮ್ಮ ಕನ್ನಡದ ಒಂದೊಂದು ಅಕ್ಷರ, ಒತ್ತು, ಗುಣಿತಕ್ಕೂ ಕನಿಷ್ಠ 3 ಬೈಟ್ ಬೇಕು. ಪುರಾಣ ಬರೆಯೋ ಹಾಗಿಲ್ಲ!

ಮೊದಲು ಆಂಟೆನಾ ತಿರುಗಿಸಿ ಕೂರಿಸಿ, ಆಮೇಲೆ ಆನ್ ಮಾಡಿ. ಇಲ್ಲದಿದ್ದರೆ ರೇಡಿಯೊ ಸುಟ್ಟೀತು. ಪ್ರದೇಶ ಭಾರತ ಅಂತ ಆರಿಸಿದರೆ 865–867 ಮೆಗಾಹರ್ಟ್ಜ್‌ಗೆ ಕೂರುತ್ತದೆ. 2005ರಿಂದ ಕಡಿಮೆ ಶಕ್ತಿಯ ಸಾಧನಗಳಿಗೆ ಅಲ್ಲಿ ಪರವಾನಗಿ ಬೇಕಿಲ್ಲ. ಮನೆಯವರದ್ದೇ ಒಂದು ಚಾನೆಲ್ ಮಾಡಿ ಅದರ ಕ್ಯೂಆರ್ ಕೋಡನ್ನು ಉಳಿದ ಮೂವರ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿಸಿದೆ. ಅತ್ತಿಬೆಲೆ ಕೆರೆ ಏರಿಯ ಈ ತುದಿಯಿಂದ ಆ ತುದಿಗೆ ಸಂದೇಶ ಸಲೀಸಾಗಿ ಹೋಯಿತು. ನಾನು ಬೀಗಿದೆ.

ಕಣಿವೆ ಆ ಸೊಕ್ಕು ಇಳಿಸಿತು. ನಾನು, ಅಕ್ಕನ ಮಗ ಜಲಪಾತದ ಹತ್ತಿರ. ಅಪ್ಪ ಯಥಾಪ್ರಕಾರ ಹಳ್ಳದ ತಿರುವಿನಾಚೆ. ನಡುವೆ ಬಂಡೆ. ಮಂಡಿನೋವಿನ ಅಮ್ಮ ಮೆಟ್ಟಿಲ ಮೇಲ್ತುದಿಯಲ್ಲೇ ಕೂತಿದ್ದರು, ಅವರ ಸಾಧನವೇ ನಮ್ಮಿಬ್ಬರಿಗೂ ಸೇತುವೆ ಅನ್ನೋದು ನನ್ನ ಲೆಕ್ಕ. ಅಪ್ಪನಿಗೆ ಕಳಿಸಿದ್ದು ತಲುಪಲಿಲ್ಲ. ಅಮ್ಮನಿಗೆ ಕಳಿಸಿದ್ದೂ ತಲುಪಲಿಲ್ಲ. ಎದೆ ಢವಢವ. ಅಕ್ಕನ ಮಗನನ್ನು ಮೇಲಕ್ಕೆ ಓಡಿಸಿದೆ.

ಸಾಧನ ಎಲ್ಲಿತ್ತು ಗೊತ್ತಾ? ಕಳೆದುಹೋಗದಿರಲಿ ಅಂತ ಅಮ್ಮ ಅದನ್ನು ಬ್ಯಾಗಿನೊಳಗೆ, ಎರಡು ಸ್ಟೀಲ್ ಡಬ್ಬಿಗಳ ನಡುವೆ ಭದ್ರವಾಗಿ ಇಟ್ಟಿದ್ದರು. ಲೋಹದ ಮರೆಯಲ್ಲಿ ರೇಡಿಯೊಗೆ ಕಿವಿಯೂ ಇಲ್ಲ, ಬಾಯಿಯೂ ಇಲ್ಲ. ಇದನ್ನು ಹೇಳದಿದ್ದದ್ದು ನನ್ನದೇ ತಪ್ಪು.

ಹುಡುಗ ಅದನ್ನು ಹೊರತೆಗೆದು ಆಂಟೆನಾ ನೆಟ್ಟಗೆ ಮಾಡಿ ಕಟ್ಟೆಯ ಮೇಲಿಟ್ಟ. ಎರಡು ನಿಮಿಷಕ್ಕೆ ನನ್ನ ಮೊಬೈಲ್ ಟಿಂಗ್ ಅಂದಿತು: ‘ಎರಡನೇ ಸಲ ಕಳಿಸ್ತಿದೀನಿ. ತಲೆ ಸುತ್ತು. ದೊಡ್ಡ ಬಂಡೆ ಹತ್ತಿರ ಇದೀನಿ.’

ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ ಇತ್ತು. ಓಡಿದೆ. ಅಪ್ಪ ಅದನ್ನು ತಿಂದು, ಸುಧಾರಿಸಿಕೊಂಡು, ಮೊದಲು ಕೇಳಿದ್ದು ‘ಇದಕ್ಕೆ ಎಷ್ಟು ಕೊಟ್ಟೆ?’

ಮನೆಗೆ ಬಂದ ಮೇಲೆ ಅಮ್ಮನ ಸಾಧನದ ಹೆಸರು ‘ಟವರಮ್ಮ’ ಅಂತ ಬದಲಿಸಿದೆ. ಬೇಡ ಅನ್ನಲಿಲ್ಲ ಅವರು.