ಕೆರೆಗೆ ಬಿಡದ ಆಮೆ

ಹೋದ ವರ್ಷ ಶ್ರಾವಣದ ಒಂದು ಶುಕ್ರವಾರ ರಾತ್ರಿ ಬೆಂಗಳೂರಿಂದ ಊರಿಗೆ ಹೊರಟಾಗ ನನ್ನ ಕಾಲ ಹತ್ರ ಒಂದು ಪ್ಲಾಸ್ಟಿಕ್ ಬಕೆಟ್ ಇತ್ತು. ಮುಚ್ಚಳಕ್ಕೆ ನಾಲ್ಕು ತೂತು. ಪಕ್ಕದ ಸೀಟಿನ ಯಜಮಾನರು ಕುಣಿಗಲ್ ದಾಟೋವರೆಗೂ ತಡ್ಕೊಂಡಿದ್ದು, ಆಮೇಲೆ ಕೇಳಿಯೇಬಿಟ್ಟರು. "ಏನ್ ಸ್ವಾಮಿ, ಒಳಗೆ ಏನೋ ಪರಚ್ತಾ ಐತೆ?"

"ಆಮೆ" ಅಂದೆ.

"ಒಳ್ಳೇದು ಬಿಡಿ. ಆಮೆ ಇದ್ದ ಮನೇಲಿ ದುಡ್ಡು ನಿಲ್ತದಂತೆ."

ನಮ್ಮನೇಲಂತೂ ನಿಂತಿಲ್ಲ. 2021ರಲ್ಲಿ ವರ್ಕ್ ಫ್ರಂ ಹೋಮ್ ಅಂತ ಬಾಡಿಗೆ ರೂಮಿನಲ್ಲಿ ಒಬ್ಬನೇ ಕೂತು ತಲೆ ಕೆಟ್ಟಿದ್ದಾಗ, ಒಂದು ಅಕ್ವೇರಿಯಂ ಅಂಗಡೀಲಿ ಅದನ್ನ ತಗೊಂಡಿದ್ದು. ಆಗ ರೂಪಾಯಿ ಬಿಲ್ಲೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಹಸಿರು ಚಿಪ್ಪು, ಕಣ್ಣಿನ ಹಿಂದೆ ಕುಂಕುಮ ಎಳೆದ ಹಾಗೆ ಒಂದು ಕೆಂಪು ಪಟ್ಟೆ. "ಇಷ್ಟೇ ಇರುತ್ತೆ ಸರ್, ಬೆಳೆಯಲ್ಲ" ಅಂದಿದ್ದ ಅಂಗಡಿಯವನು. ಗುಂಡ ಅಂತ ಹೆಸರಿಟ್ಟೆ. ಮೂರು ವರ್ಷಕ್ಕೆ ಗುಂಡ ತಿಂಡಿ ತಟ್ಟೆಯಷ್ಟಾದ. ಗಾಜಿನ ತೊಟ್ಟಿ ಸಾಲದೆ ಬಟ್ಟೆ ಒಗೆಯೋ ಟಬ್ಬಿಗೆ ಬಂದ. ನೀರು ಎರಡು ದಿನ ಬದಲಾಯಿಸದಿದ್ರೆ ಮೆಟ್ಟಿಲವರೆಗೂ ನಾತ. ಮನೆ ಓನರ್ ಎರಡು ಸಲ ಹೇಳಿದ್ದರು. ಅಷ್ಟರಲ್ಲಿ ನನ್ನ ಮದುವೆ ಬೇರೆ ಗೊತ್ತಾಯ್ತು, ಮನೆ ಬದಲಾಯಿಸಬೇಕಿತ್ತು. ಊರ ಕೆರೆಗೆ ಬಿಟ್ಟರೆ ಅವನಿಗೂ ಬಿಡುಗಡೆ, ನನಗೂ ಪುಣ್ಯ ಅಂದ್ಕೊಂಡೆ. ಶ್ರಾವಣ ಬೇರೆ.

ನಮ್ಮದು ತುರುವೇಕೆರೆ ತಾಲೂಕು, ದಬ್ಬೇಘಟ್ಟ ಹೋಬಳಿ. ಬೆಳಿಗ್ಗೆ ಮನೆಗೆ ಹೋದಾಗ ಅಪ್ಪ ಅಟ್ಟದ ಮೇಲೆ ಕೊಬ್ಬರಿ ಕಾಯಿ ಅಲ್ಲಾಡಿಸಿ ಸದ್ದು ನೋಡ್ತಿದ್ದರು. ಉಂಡೆ ಕೊಬ್ಬರಿ ಗೊತ್ತಲ್ಲ, ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿ ಕೂತು ಒಳಗಿನ ನೀರು ಪೂರ್ತಿ ಇಂಗಿದ ಮೇಲೆ ಬುರುಡೆ ಬಿಟ್ಟು ಗಡಗಡ ಅನ್ನಬೇಕು. ಕೆಳಗಿಳಿದು ಬಂದವರು ಬಕೆಟ್ಟಿಗೆ ಇಣುಕಿದರು.

"ಇದ್ಯಾವ ಆಮೆಲಾ? ನಮ್ ಕಡೇದಲ್ಲ ಇದು."

"ಅಮೆರಿಕದ್ದು ಕಣಪ್ಪ. ಕೆರೆಗೆ ಬಿಡೋಣ ಅಂತ ತಂದೆ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನುಸೀನೂ ಆ ಕಡೆಯಿಂದಾನೇ ಬಂದಿದ್ದು ಅಂತಿದ್ರು" ಅಂದು ಕೈತೊಳೆಯೋಕೆ ಹೋದರು. ಬಿಡಬೇಡ ಅಂತ ಹೇಳಲೂ ಇಲ್ಲ.

ತೆಂಗಿನ ಸೀಮೆಯವರಿಗೆ ನುಸಿ ಅಂದರೆ ವಿವರಿಸಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗೆ ಹೇಳ್ತೀನಿ. ಬರಿಗಣ್ಣಿಗೆ ಕಾಣದ ಜೀವಿ ಅದು. 1965ರಲ್ಲಿ ಮೆಕ್ಸಿಕೋದ ಗೆರೆರೋ ಪ್ರಾಂತ್ಯದ ತೆಂಗಿನಕಾಯಿಯಲ್ಲಿ ಗುರುತಿಸಿ, ಆ ಊರಿನ ಹೆಸರನ್ನೇ ಇಟ್ಟರು. ಭಾರತದಲ್ಲಿ ಮೊದಲು ವರದಿಯಾಗಿದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಕಡೆ. ನೋಡನೋಡುತ್ತಲೇ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗೆ ಬಂದು ಕೂತಿತು. ಕಾಯಿಯ ತೊಟ್ಟಿನ ತೊಪ್ಪಿಗೆ ಕೆಳಗೆ ಸೇರಿಕೊಂಡು ರಸ ಹೀರುತ್ತೆ. ಕಾಯಿ ಮೈಮೇಲೆ ಕಂದು ಬಿರುಕು ಬಿದ್ದು ಸೊರಗಿ, ಸೇಬಿನಷ್ಟಕ್ಕೇ ನಿಂತುಬಿಡುತ್ತೆ. ನಾನಿನ್ನೂ ಸ್ಕೂಲಿಗೆ ಸೇರಿದ್ದೆನಷ್ಟೆ. ಅಪ್ಪ ಬುಡ ಅಗೆದು, ಒಂದು ಎಳೆ ಬೇರು ಹುಡುಕಿ, ಅದರ ತುದಿ ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಕವರ್ ಕಟ್ಟುತ್ತಿದ್ದದ್ದು ನೆನಪಿದೆ. ಒಂದೊಂದು ಮರಕ್ಕೂ ಹಾಗೇ. ಆಸ್ಪತ್ರೇಲಿ ಡ್ರಿಪ್ ಹಾಕೋದು ನೋಡಿದಾಗೆಲ್ಲ ನನಗೆ ಈಗಲೂ ತೆಂಗಿನ ಮರವೇ ನೆನಪಾಗೋದು. ಇಷ್ಟು ವರ್ಷವಾದರೂ ನುಸಿ ಹೋಗಿಲ್ಲ. ಅದರ ಜೊತೆ ಬದುಕೋದು ಕಲಿತಿದ್ದೀವಿ, ಅಷ್ಟೇ.

ಆ ಮಾತು ತಲೇಲಿ ಕೂತುಬಿಡ್ತು. ಸಂಜೆ ಬಿಡೋಣ ಅಂದ್ಕೊಂಡು, ಮಧ್ಯಾಹ್ನ ಜಗಲಿ ಮೇಲೆ ಮೊಬೈಲ್ ಹಿಡಿದು ಕೂತೆ. ಮೂರು ವರ್ಷ ಸಾಕಿದವನು ಆವತ್ತೇ ಮೊದಲ ಸಲ ಅದರ ಪೂರ್ವಾಪರ ಓದಿದ್ದು. ನಾಚಿಕೆಯ ವಿಷಯ, ಇರಲಿ.

ಹೆಸರು ಕೆಂಪು ಕಿವಿಯ ಸ್ಲೈಡರ್. ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಬಯಲು, ಉತ್ತರ ಮೆಕ್ಸಿಕೋ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳು ಅಂತ ಐಯುಸಿಎನ್ ಮಾಡಿಸಿದ ಪಟ್ಟಿಯಲ್ಲಿ ಇದರ ಹೆಸರೂ ಇದೆ. ಅಮೆರಿಕದಲ್ಲೇ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳನ್ನು ಸಾಕೋಕೆ ಮಾರುವಂತಿಲ್ಲ. ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ಹರಡುತ್ತೆ ಅಂತ ನಿಲ್ಲಿಸಿದರು. ಯುರೋಪಿನ ಒಕ್ಕೂಟ 1997ರಲ್ಲಿ ಆಮದನ್ನೇ ಬಂದ್ ಮಾಡಿತು. ಯಾಕೆಂದರೆ ಅಲ್ಲಿಯ ಜನವೂ ನನ್ನ ಹಾಗೇ, ದೊಡ್ಡದಾದ ಮೇಲೆ ಕೆರೆಗೆ ಬಿಡ್ತಾ ಇದ್ದರು. ಫ್ರಾನ್ಸಿನ ಸಂಶೋಧಕರು ಅಲ್ಲಿಯ ಕೆರೆ ಆಮೆಗಳನ್ನೂ ಸ್ಲೈಡರ್‌ಗಳನ್ನೂ ಒಂದೇ ಕೊಳದಲ್ಲಿಟ್ಟು ನೋಡಿದರು. ಬಿಸಿಲು ಕಾಯೋ ಒಳ್ಳೆಯ ಜಾಗಗಳನ್ನೆಲ್ಲ ಸ್ಲೈಡರ್ ಹಿಡಿದುಕೊಂಡಿತು. ಊರಿನ ಆಮೆಗಳ ತೂಕ ಇಳಿಯಿತು, ಹೆಚ್ಚು ಸತ್ತವೂ ಅವೇ. ಕಚ್ಚಾಟ, ರಕ್ತಪಾತ ಅಂತ ದೊಡ್ಡದೇನೂ ಇಲ್ಲ. ಕಲ್ಲಿನ ಮೇಲೆ ಕೂರೋಕೆ ಜಾಗ ಬಿಟ್ಟುಕೊಡಲಿಲ್ಲ, ಅಷ್ಟೇ. ತಣ್ಣನೆ ರಕ್ತದ ಪ್ರಾಣಿಗೆ ಬಿಸಿಲು ಸಿಗದಿದ್ದರೆ ತಿಂದದ್ದು ಅರಗೋದಿಲ್ಲ.

ಇನ್ನೊಂದು ವಿಷಯ ಓದಿ ನಿಜಕ್ಕೂ ಬೆವರಿದೆ. ಈ ಆಮೆಯ ಮೊಟ್ಟೆಯಲ್ಲಿ ಗಂಡೋ ಹೆಣ್ಣೋ ಅಂತ ತೀರ್ಮಾನ ಮಾಡೋದು ಮಣ್ಣಿನ ಬಿಸಿ. ಬಿಸಿ ಹೆಚ್ಚಿದಷ್ಟೂ ಹೆಣ್ಣು. ನಮ್ಮ ಸೀಮೆಯ ಬೇಸಿಗೆ ನೆನಪು ಮಾಡ್ಕೊಂಡೆ.

ನಮ್ಮ ಕೆರೆಯಲ್ಲಿ ಆಮೆ ಇಲ್ಲವೇ? ಇದೆ. ಹೊಟ್ಟೆ ಕೆಳಗೆ ಎರಡು ಮಡಿಕೆ ಇರೋ, ಕಾಲು ಎಳೆದುಕೊಂಡರೆ ಆ ಮಡಿಕೆ ಬಾಗಿಲ ಹಾಗೆ ಮುಚ್ಚಿಕೊಳ್ಳೋ ಮೆತ್ತನೆ ಚಿಪ್ಪಿನದು. ಬಸವನಹುಳು, ಮೀನು, ಕಪ್ಪೆ, ಸತ್ತ ಪ್ರಾಣಿ, ಎಲ್ಲ ತಿಂದು ಕೆರೆ ಚೊಕ್ಕಟ ಮಾಡುತ್ತೆ. ಕೆರೆ ಬತ್ತಿದರೆ ಕೆಸರಿನೊಳಗೆ ಹೂತುಕೊಂಡು ಮಳೆ ಬರೋವರೆಗೂ ಮಲಗಿಬಿಡುತ್ತೆ. ಅಪ್ಪ ಹುಡುಗರಾಗಿದ್ದಾಗ ತೋಟಕ್ಕೆ ಗೋಡು ಹೊಡೆಯೋಕೆ ಹೋದರೆ ಗುದ್ದಲಿಗೆ 'ಠಣ್' ಅಂತ ಸಿಗ್ತಿತ್ತಂತೆ. ಸತ್ತಿದೆ ಅಂದ್ಕೊಂಡು ಎತ್ತಿದರೆ ಕಾಲಾಡಿಸೋದು. ಮತ್ತೆ ಅಲ್ಲೇ ಮಣ್ಣು ಮುಚ್ಚಿ ಬರೋರು. ಇದು ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿನಲ್ಲಿದೆ, ಅಂದರೆ ಹುಲಿಗೆ ಕೊಟ್ಟ ರಕ್ಷಣೆಯೇ ಇದಕ್ಕೂ. ಇದನ್ನೋ ನಕ್ಷತ್ರ ಆಮೆಯನ್ನೋ ಹಿಡಿದು ಮನೇಲಿಟ್ಟರೆ 3ರಿಂದ 7 ವರ್ಷ ಜೈಲು. ಕಾಗದದ ಮೇಲೆ ಅಷ್ಟು ಕಾವಲಿರೋ ಪ್ರಾಣಿಯ ಮನೆಗೆ ನಾನು ಬಕೆಟ್ ಹಿಡ್ಕೊಂಡು ಹೊರಟಿದ್ದೆ.

ಒಂದು ಆಮೆಯಿಂದ ಏನಾಗುತ್ತೆ ಅನ್ನಬಹುದು. ನಾನೂ ಅಂದ್ಕೊಂಡೆ. ಆದರೆ ನಮ್ಮ ತಾಲೂಕಿನ ಕೆರೆಗಳು ಈಗ ಒಂಟಿಯಾಗಿಲ್ಲ. ಹೇಮಾವತಿ ನಾಲೆ ನೀರು ಬಿಟ್ಟಾಗ ಮಲ್ಲಾಘಟ್ಟದಂಥ ದೊಡ್ಡ ಕೆರೆ ತುಂಬುತ್ತೆ, ಕೋಡಿ ಬಿದ್ದ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಹೋಗುತ್ತೆ. ಕೆರೆಗೆ ನೀರು ಬರಲಿ ಅಂತ ನಮ್ಮ ಊರುಗಳವರು ಎಷ್ಟು ಹೋರಾಟ ಮಾಡಿದ್ದಾರೆ ಅಂತ ನಿಮಗೆ ಗೊತ್ತು. ನೀರು ಬಂದ ದಾರಿಯಲ್ಲೇ ಇದೂ ಹೋಗುತ್ತೆ. ಜೊತೆಗೆ, ಗುಂಡನ ಹಾಗೆ ಎಷ್ಟು ಬಕೆಟ್ಟು ಬೆಂಗಳೂರಿಂದ ಹಬ್ಬಕ್ಕೆ ಅಂತ ಊರಿಗೆ ಬಂದಿವೆಯೋ! ಗುವಾಹಟಿಯಲ್ಲಿ ಉಗ್ರತಾರಾ ದೇವಸ್ಥಾನದ ಕೊಳದಲ್ಲೇ ಸ್ಲೈಡರ್ ಸಿಕ್ಕಿದೆ. ಅದನ್ನು ಅಲ್ಲಿಗೆ ತಂದವರೂ ನನ್ನ ಹಾಗೆ ಪುಣ್ಯ ಅಂತಲೇ ಬಿಟ್ಟಿರಬೇಕು. ಕೇರಳದಲ್ಲಿ ಪೀಚಿಯ ಅರಣ್ಯ ಸಂಶೋಧನಾ ಸಂಸ್ಥೆಯವರು, ಈ ಆಮೆ ಇದ್ದರೆ ಹೊರಗೆ ಬಿಡಬೇಡಿ, ನಮಗೆ ತಂದುಕೊಡಿ ಅಂತ ಜನರನ್ನು ಕೇಳಿಕೊಂಡಿದ್ದಾರೆ.

ಇವು ಬರೋ ದಾರಿ ಇನ್ನೊಂದು ಕಥೆ. ಚೆನ್ನೈ, ತಿರುಚ್ಚಿ ವಿಮಾನ ನಿಲ್ದಾಣಗಳಲ್ಲಿ ಸೂಟ್‌ಕೇಸಿನೊಳಗೆ ಸಾವಿರಗಟ್ಟಲೆ ಮರಿಗಳು ಸಿಕ್ಕಿವೆ. ನಮ್ಮ ಕೆಂಪೇಗೌಡ ನಿಲ್ದಾಣವೂ ಕಡಿಮೆಯಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿಂದ ಬಂದ ಲಗೇಜಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಸತ್ತುಹೋಗಿದ್ದ 6 ಕಪುಚಿನ್ ಕೋತಿ. 2024ರ ಏಪ್ರಿಲಿನಲ್ಲಿ 10 ಹಳದಿ ಅನಕೊಂಡ. ಹೋಗುವಾಗ ನಮ್ಮ ನಕ್ಷತ್ರ ಆಮೆ, ಬರುವಾಗ ಅವರ ಹಾವು, ಆಮೆ. ಯಾರೋ ಲಗೇಜ್ ಖಾಲಿ ಬರಬಾರದು ಅಂತ ಲೆಕ್ಕ ಹಾಕಿದ ಹಾಗಿದೆ.

ಹಾಗಂತ ಬೆಂಗಳೂರಿನ ಫ್ಲಾಟಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿರೋ ಒಂದು ಬಾಲ್ ಪೈಥಾನಿಗೆ ನಮ್ಮ ಕಾಡು ಬಲಿಯಾಗುತ್ತೆ ಅಂತ ನಾನು ಹೇಳಲ್ಲ. ಒಂಟಿ ಹಾವು ತಪ್ಪಿಸಿಕೊಂಡರೆ ಗರುಡನಿಗೋ ನಾಯಿಗೋ ಸಿಕ್ಕಿ ಸಾಯೋದೇ ಹೆಚ್ಚು. ಆದರೆ ಅಮೆರಿಕದ ಫ್ಲಾರಿಡಾದವರೂ ಮೊದಲು ಹಾಗೇ ಅಂದ್ಕೊಂಡಿರಬೇಕು. ಅಲ್ಲಿ ಸಾಕಿ ಬಿಟ್ಟಿದ್ದು ಬರ್ಮಾ ಹೆಬ್ಬಾವು, ನಮ್ಮ ಈಶಾನ್ಯ ರಾಜ್ಯಗಳಲ್ಲೂ ಇರೋದು. ಎವರ್‌ಗ್ಲೇಡ್ಸ್ ಜೌಗಿನಲ್ಲಿ ರಾತ್ರಿ ರಸ್ತೆಯಲ್ಲಿ ಕಾಣ್ತಿದ್ದ ರಕೂನ್‌ಗಳ ಸಂಖ್ಯೆ ಶೇ. 99ರಷ್ಟು ಇಳಿದಿದೆ ಅಂತ 2012ರಲ್ಲಿ ಅಧ್ಯಯನ ಬಂತು. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಆ ಹೆಬ್ಬಾವಿನ ಶ್ವಾಸಕೋಶದಲ್ಲಿದ್ದ ಒಂದು ಪರಾವಲಂಬಿ ಹುಳ ಅಲ್ಲಿಯ ಹಾವುಗಳಿಗೆ ಅಂಟಿ, ಹೆಬ್ಬಾವು ಇನ್ನೂ ಮುಟ್ಟಿರದ ಊರುಗಳಿಗೂ ಹೋಗಿದೆ. ಅಂದರೆ ಪ್ರಾಣಿ ಸತ್ತರೂ ಅದು ತಂದ ರೋಗ ಉಳಿಯಬಹುದು. ನಮ್ಮ ತೋಟದಲ್ಲಿ ಇಲಿ ಹಿಡಿಯೋ ಕೇರೆ ಹಾವಿಗೆ ಅಂಥದ್ದು ಅಂಟಿದರೆ ಯಾರು ಬೇರಿಗೆ ಔಷಧಿ ಕಟ್ಟೋದು?

ಕಾನೂನು ಈಗ ಸ್ವಲ್ಪ ಎಚ್ಚೆತ್ತಿದೆ. 2022ರ ತಿದ್ದುಪಡಿಯಲ್ಲಿ ಆಕ್ರಮಣಕಾರಿ ವಿದೇಶಿ ಜೀವಿಗಳನ್ನು ನಿಷೇಧಿಸೋ ಅಧಿಕಾರ ಕೇಂದ್ರಕ್ಕೆ ಬಂತು. ಬಾಲ್ ಪೈಥಾನ್, ಇಗ್ವಾನಾದಂಥ ಶೆಡ್ಯೂಲ್ 4ರ ಪ್ರಾಣಿ ಇಟ್ಟುಕೊಂಡವರು ಪರಿವೇಷ್ ಪೋರ್ಟಲಿನಲ್ಲಿ ನೋಂದಾಯಿಸಬೇಕು ಅಂತ 2024ರ ಫೆಬ್ರವರಿಯಲ್ಲಿ ನಿಯಮ ಬಂದು, ಆರು ತಿಂಗಳ ಗಡುವೂ ಮುಗಿಯಿತು. ಒಳ್ಳೆಯದೇ. ಆದರೆ ನನಗೊಂದು ಅನುಮಾನ. ನಮ್ಮ ಆಫೀಸಿನಲ್ಲೇ ಒಬ್ಬ ಇಗ್ವಾನಾ ಸಾಕಿದ್ದ. ಗಡುವಿನ ಸುದ್ದಿ ಬಂದ ವಾರ ಕ್ಯಾಂಟೀನಿನಲ್ಲಿ, "ಬಿಲ್ ಇಲ್ಲ, ಏನಿಲ್ಲ, ಎಲ್ಲಾದ್ರೂ ಬಿಟ್ಟುಬಿಡೋದು ವಾಸಿ" ಅಂತಿದ್ದ. ಬಿಟ್ಟನೋ ಇಲ್ಲವೋ, ನಾನು ಕೇಳಲಿಲ್ಲ. ದಂಡಕ್ಕೆ ಹೆದರಿದವನಿಗೆ ಕತ್ತಲಲ್ಲಿ ಒಂದು ಕೆರೆ ಏರಿ ಸಿಕ್ಕಿದರೆ ಅದಕ್ಕಿಂತ ಸುಲಭದ ದಾರಿ ಯಾವುದಿದೆ? ತಂದೊಪ್ಪಿಸಿ, ಪ್ರಶ್ನೆ ಕೇಳಲ್ಲ ಅನ್ನೋ ಒಂದು ಜಾಗ ಪ್ರತಿ ಜಿಲ್ಲೆಯಲ್ಲಿ ಇದ್ದಿದ್ದರೆ ಚೆನ್ನಾಗಿತ್ತು. ನಾನು ಅದೇ ಮಧ್ಯಾಹ್ನ ಒಂದು ರಕ್ಷಣಾ ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿಯ ಹುಡುಗಿ ಪಾಪ ಮರ್ಯಾದೆಯಿಂದಲೇ, "ಸ್ಲೈಡರಾ ಸರ್? ನಮ್ಮಲ್ಲಿ ಆಗಲೇ ತುಂಬಿಹೋಗಿವೆ" ಅಂದಳು. ನಮ್ಮ ಕೆಲಸದಲ್ಲಿ ತಪ್ಪು ಕೋಡ್ ಲೈವ್ ಹೋದರೆ ರೋಲ್‌ಬ್ಯಾಕ್ ಅಂತ ಒಂದಿರುತ್ತೆ. ಕೆರೆಗೆ ಇಲ್ಲ.

ಸಂಜೆ ಆದರೂ ಏರಿ ಮೇಲೆ ಹೋದೆ, ಬಕೆಟ್ ಇಲ್ಲದೆ. ನೀರು ಅರ್ಧ ತುಂಬಿತ್ತು. ಅರೆ ಮುಳುಗಿದ ಒಂದು ಬಂಡೆ ಮೇಲೆ ಎರಡು ಆಮೆ ಕತ್ತು ಚಾಚಿಕೊಂಡು ಇಳಿಬಿಸಿಲು ಕಾಯ್ತಿದ್ದವು. ನನ್ನ ಹೆಜ್ಜೆ ಸದ್ದಿಗೆ 'ಬುಳಕ್' ಅಂತ ನೀರಿಗೆ ಬಿದ್ದವು. ಆ ಬಂಡೆ ಮೇಲೆ ಮೂರನೆಯದಕ್ಕೆ ಜಾಗ ಇರಲಿಲ್ಲ.

ಭಾನುವಾರ ಅದೇ ಬಕೆಟ್, ಅದೇ ಬಸ್ಸು. ಅಪ್ಪ ಸ್ಟಾಂಡಿನವರೆಗೂ ಬಂದು, "ಏನ್ ತಿನ್ನುತ್ತೆ ಅದು?" ಅಂತ ಮೊದಲ ಸಲ ವಿಚಾರಿಸಿದರು. ರಾತ್ರಿ ಮದುವೆ ಗೊತ್ತಾದ ಹುಡುಗಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಇದನ್ನ ಕೇಳಿ ಮದುವೇನೇ ಬೇಡ ಅಂದರೆ ಅನ್ನೋ ಅಳುಕೂ ಇತ್ತು.

"ಎಷ್ಟು ವರ್ಷ ಬದುಕುತ್ತೆ ಅದು?" ಅಂದಳು.

"ಚೆನ್ನಾಗಿ ನೋಡ್ಕೊಂಡರೆ ಇನ್ನೂ ಇಪ್ಪತ್ತೈದು, ಮೂವತ್ತು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾದ್ರೆ ಮನೆ ನೋಡೋವಾಗ ಬಾಲ್ಕನಿಗೆ ಬಿಸಿಲು ಬರುತ್ತಾ ಅಂತ ನೋಡ್ಕೊಳ್ಳಿ" ಅಂದಳು.