ಕಾಲೇಜಿನ ಆಟವೂ ಕಂಪನಿಯ ಹಣವೂ

ಕಾಲೇಜುಗಳಿಗೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಕಾಲ ಬಂದಾಗಲೆಲ್ಲ ನಮ್ಮ ಕಾರ್ಯಾಲಯಕ್ಕೆ ಸಲಹೆಯನ್ನು ಕೇಳಿಕೊಂಡು ಬರುವ ತಂದೆತಾಯಿಗಳು ಕೆಲವರಿರುತ್ತಾರೆ. ಈ ಸಲ ಹೊಸನಗರದ ಕಡೆಯ ಸಣ್ಣ ಹಿಡುವಳಿದಾರರೊಬ್ಬರು ಒಂದು ಕಾಗದವನ್ನು ಹಿಡಿದುಕೊಂಡು ಬಂದಿದ್ದರು. ಅವರ ಮಗನು ಆರಡಿಗೂ ಮಿಕ್ಕಿದ ಎತ್ತರದ ಹುಡುಗ. ಪ್ರೌಢಶಾಲೆಯಲ್ಲಿ ವಾಲಿಬಾಲ್ ಆಡಿ ಹೆಸರು ಪಡೆದವನು. ದೂರದ ಪಟ್ಟಣದ ಕಾಲೇಜೊಂದು ಅವನನ್ನು ತನ್ನ ಬ್ಯಾಸ್ಕೆಟ್‌ಬಾಲ್ ತಂಡಕ್ಕಾಗಿ ಕರೆದಿತ್ತು. ಶುಲ್ಕವಿಲ್ಲ, ಊಟ ವಸತಿಗಳಿಗೆ ಹಣ ಕೊಡಬೇಕಾದುದಿಲ್ಲ, ಬೂಟು ಬಟ್ಟೆಗಳನ್ನು ಒಂದು ಕಂಪನಿಯೇ ಒದಗಿಸುತ್ತದೆ ಎಂದು ಕರೆಯಲು ಬಂದವರು ಬಾಯಲ್ಲಿ ಹೇಳಿ ಹೋಗಿದ್ದರು. ಇಂಗ್ಲಿಷಿನಲ್ಲಿದ್ದ ಕಾಗದವು ಮತ್ತೊಂದು ಮಾತನ್ನೂ ಹೇಳುತ್ತಿತ್ತು: ಯಾವ ಕಾರಣದಿಂದಲೇ ಆಗಲಿ ಹುಡುಗನು ಆಡುವುದನ್ನು ನಿಲ್ಲಿಸಿದರೆ, ಮನ್ನಾ ಮಾಡಿದ ಶುಲ್ಕವನ್ನೆಲ್ಲ ಒಂದೇ ಕಂತಿನಲ್ಲಿ ಮರಳಿ ಕಟ್ಟತಕ್ಕದ್ದು. ಆಡುವಾಗಲೇ ಮೊಣಕಾಲು ಮುರಿದರೆ ಗತಿಯೇನೆಂಬುದಕ್ಕೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. "ಇದಕ್ಕೆ ರುಜು ಹಾಕಬಹುದೇ, ಸ್ವಾಮಿ?" ಎಂದು ಅವರು ಕೇಳಿದರು.

ಈ ಪ್ರಶ್ನೆಯು ಒಂದು ಮನೆಯದಲ್ಲ. ಆಟದಲ್ಲಿ ಚುರುಕಾದ ಹಳ್ಳಿಯ ಹುಡುಗರನ್ನು ಪಟ್ಟಣದ ವಿದ್ಯಾಸಂಸ್ಥೆಗಳು ಹುಡುಕಿಕೊಂಡು ಬರುವುದು ಈಗ ವಾಡಿಕೆಯಾಗಿದೆ. ಬಡವನ ಮಗನಿಗೆ ಆಟದ ಬಲದಿಂದ ವಿದ್ಯೆ ದೊರೆಯುವುದಾದರೆ ಅದಕ್ಕೆ ಸಂತೋಷಪಡದವರು ಯಾರು? ನಾವು ಸಹಾಯವನ್ನು ಆಕ್ಷೇಪಿಸುವವರಲ್ಲ. ಸಹಾಯವನ್ನು ಕೊಡುವವರು ಯಾರು, ಯಾವುದಕ್ಕೆ ಪ್ರತಿಯಾಗಿ ಕೊಡುತ್ತಾರೆ, ಅದು ಯಾರ ಕಣ್ಣಿಗೆ ಬೀಳುವಂತೆ ಕೊಡಲ್ಪಡುತ್ತದೆ ಎಂಬ ಮೂರು ಸಂಗತಿಗಳನ್ನು ವಿಚಾರಿಸಿ ನೋಡಬೇಕೆಂಬುದೇ ನಮ್ಮ ವಾದ. ಇವನ್ನು ವಿಚಾರಿಸದೆ ಬಿಟ್ಟ ದೇಶವೊಂದರ ಅನುಭವವು ನಮ್ಮೆದುರಿಗಿದೆ.

ಬ್ಯಾಸ್ಕೆಟ್‌ಬಾಲ್ ಆಟವು ಹುಟ್ಟಿದುದೇ ವಿದ್ಯಾಶಾಲೆಯಲ್ಲಿ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು, ಚಳಿಗಾಲದಲ್ಲಿ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ, ಹಣ್ಣಿನ ಬುಟ್ಟಿಗಳನ್ನು ಗೋಡೆಯ ಮೇಲೆ ಕಟ್ಟಿ ಇದನ್ನು ಕಲ್ಪಿಸಿದರು. ವೈ.ಎಂ.ಸಿ.ಎ. ಸಂಸ್ಥೆಯವರು ಅದನ್ನು ನಮ್ಮ ದೇಶಕ್ಕೆ ತಂದರು. ಹ್ಯಾರಿ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ದೇಹಶಿಕ್ಷಣದ ಕಾಲೇಜು ದಕ್ಷಿಣದೇಶದಲ್ಲಿ ಇಂಥ ಆಟಗಳನ್ನು ಹರಡಿತು. ಶರೀರವೂ ಶೀಲವೂ ಒಟ್ಟಿಗೆ ಬೆಳೆಯಬೇಕೆಂಬುದೇ ಆ ಹಿರಿಯರ ಉದ್ದೇಶವಾಗಿದ್ದಿತು.

ಅದೇ ಅಮೆರಿಕದಲ್ಲಿ ಕಾಲೇಜಿನ ಆಟವು ಕ್ರಮೇಣ ವ್ಯಾಪಾರವಾಯಿತು. ಆಟಗಾರರನ್ನು ಆಶೆ ತೋರಿಸಿ ಸೇರಿಸಿಕೊಳ್ಳುವ, ಗುಟ್ಟಾಗಿ ಹಣ ಕೊಡುವ ದುರಭ್ಯಾಸವು ಅನೇಕ ಕಾಲೇಜುಗಳಲ್ಲಿ ಬೇರೂರಿದೆಯೆಂದು ಕಾರ್ನೆಗಿ ಪ್ರತಿಷ್ಠಾನದ ವರದಿಯು 1929ರಷ್ಟು ಹಿಂದೆಯೇ ಎಚ್ಚರಿಸಿತ್ತು. ಎಚ್ಚರಿಕೆಯನ್ನು ಓದಿದವರು ಬಹಳ ಮಂದಿ, ನಡೆದವರು ಕೆಲವರು. 1970ರ ದಶಕದ ಕೊನೆಯಲ್ಲಿ ಬೂಟು ತಯಾರಿಸುವ ಕಂಪನಿಯು ಕಾಲೇಜು ತರಬೇತುದಾರರಿಗೆ ನೇರವಾಗಿ ಹಣ ಕೊಟ್ಟು ತನ್ನ ಬೂಟುಗಳನ್ನು ವಿದ್ಯಾರ್ಥಿಗಳ ಕಾಲಿಗೆ ತೊಡಿಸುವ ಪದ್ಧತಿಯನ್ನು ಪ್ರಾರಂಭಿಸಿತು. ಕಾಲೇಜುಗಳ ವಾರ್ಷಿಕ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು ಟೆಲಿವಿಷನ್ನಿನಲ್ಲಿ ತೋರಿಸುವ ಹಕ್ಕು 2010ರಲ್ಲಿ 14 ವರ್ಷಗಳ ಅವಧಿಗೆ 1,080 ಕೋಟಿ ಡಾಲರುಗಳಿಗೆ ಮಾರಾಟವಾಯಿತು. ತರಬೇತುದಾರರಿಗೆ ಲಕ್ಷಾಂತರ ಡಾಲರು ಸಂಬಳ. ಆಡುವ ಹುಡುಗನಿಗೆ ಮಾತ್ರ, ಅವನು ವಿದ್ಯಾರ್ಥಿಯೆಂಬ ಕಾರಣದಿಂದ, ಶುಲ್ಕ ಊಟ ವಸತಿಗಳ ಹೊರತು ಹೆಚ್ಚಿನದೇನೂ ಸಲ್ಲತಕ್ಕದ್ದಲ್ಲವೆಂದು ನಿಯಮ. ಹಣದ ಹೊಳೆಯ ನಡುವೆ ಇಂಥ ನಿಯಮವನ್ನು ನಿಲ್ಲಿಸಿದರೆ ಅದರ ಅಡಿಯಿಂದ ನೀರು ಹರಿಯದೆ ಇದ್ದೀತೆ?

2017ರ ಸೆಪ್ಟೆಂಬರ್ 26ರಂದು ಆ ಗುಟ್ಟು ಹೊರಬಿದ್ದಿತು. ನ್ಯೂಯಾರ್ಕಿನ ಸರ್ಕಾರಿ ಪ್ರಾಸಿಕ್ಯೂಟರರು ಹತ್ತು ಮಂದಿಯ ಮೇಲೆ ಆರೋಪ ಹೊರಿಸಿದರು. ನಾಲ್ವರು ವಿಶ್ವವಿದ್ಯಾನಿಲಯಗಳ ಸಹಾಯಕ ತರಬೇತುದಾರರು. ಇನ್ನುಳಿದವರಲ್ಲಿ ಅಡಿಡಾಸ್ ಎಂಬ ಬೂಟು ಕಂಪನಿಯ ಹಿರಿಯ ಅಧಿಕಾರಿಯೂ ದಲ್ಲಾಳಿಗಳೂ ಇದ್ದರು. ಆ ಕಂಪನಿಯೊಡನೆ ಹತ್ತು ವರ್ಷಕ್ಕೆ 16 ಕೋಟಿ ಡಾಲರುಗಳ ಒಪ್ಪಂದವನ್ನು ಪ್ರಕಟಿಸಿದ್ದ ಲೂಯಿವಿಲ್ ವಿಶ್ವವಿದ್ಯಾನಿಲಯಕ್ಕೆ ಒಬ್ಬ ಹುಡುಗನನ್ನು ಸೇರಿಸುವುದಕ್ಕಾಗಿ, ಅವನ ತಂದೆಗೆ ಒಂದು ಲಕ್ಷ ಡಾಲರು ಕೊಡಿಸುವ ಗುಪ್ತ ಏರ್ಪಾಡು ನಡೆದಿತ್ತು. 2018ರ ಅಕ್ಟೋಬರಿನಲ್ಲಿ ಜ್ಯೂರಿಯು ಮೂವರನ್ನು ವಂಚನೆಯ ಅಪರಾಧಿಗಳೆಂದು ನಿರ್ಣಯಿಸಿತು. ಮುಂದಿನ ಮಾರ್ಚಿನಲ್ಲಿ ಕಂಪನಿಯ ಅಧಿಕಾರಿಗೆ ಒಂಬತ್ತು ತಿಂಗಳೂ ಇತರ ಇಬ್ಬರಿಗೆ ಆರಾರು ತಿಂಗಳೂ ಕಾರಾಗೃಹವಾಸವಾಯಿತು.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದುಂಟು. ಆ ಮೊಕದ್ದಮೆಯಲ್ಲಿ ವಂಚಿತರಾದವರು ಯಾರು? ನಿಯಮಬಾಹಿರನಾದ ಆಟಗಾರನಿಗೆ ಅರಿಯದೆ ವಿದ್ಯಾರ್ಥಿವೇತನ ಕೊಟ್ಟ ವಿಶ್ವವಿದ್ಯಾನಿಲಯಗಳೇ ವಂಚಿತರೆಂದು ಕಾನೂನು ಹೇಳಿತು. ಕಂಪನಿಯು ತನ್ನ ವ್ಯಾಪಾರವನ್ನು ಮುಂದುವರಿಸಿತು. ಆ ಹುಡುಗನಾದರೋ, ತನಗೆ ಇದೊಂದೂ ತಿಳಿಯದೆಂದು ಹೇಳಿದವನು, ಅಮೆರಿಕದ ಕಾಲೇಜಿನ ಪರವಾಗಿ ಒಂದೇ ಒಂದು ಪಂದ್ಯವನ್ನೂ ಆಡಲಾರದೆ ಹೋದನು. ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಮರಣವೆಂಬ ನಾಣ್ಣುಡಿಯು ಸಮುದ್ರದಾಚೆಗೂ ಸಲ್ಲುತ್ತದೆ.

ಅನಂತರ ಆ ದೇಶವು ಮತ್ತೊಂದು ತುದಿಗೆ ಹೋಯಿತು. 2021ರ ಜೂನಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರೂ ಕಾಲೇಜು ಕ್ರೀಡಾಸಂಘದ ನಿರ್ಬಂಧಗಳ ವಿರುದ್ಧ ಏಕಾಭಿಪ್ರಾಯದ ತೀರ್ಪನ್ನಿತ್ತರು. ಅದೇ ಜುಲೈಯಿಂದ ಆಟಗಾರರು ತಮ್ಮ ಹೆಸರನ್ನೂ ಚಿತ್ರವನ್ನೂ ಜಾಹಿರಾತಿಗೆ ಕೊಟ್ಟು ಹಣ ಪಡೆಯಬಹುದಾಯಿತು. 2025ರ ಜೂನಿನಲ್ಲಿ ಒಪ್ಪಿತವಾದ ರಾಜಿಯಂತೆ ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರು ಸಲ್ಲಬೇಕು. ಒಂದೊಂದು ವಿದ್ಯಾಸಂಸ್ಥೆಯೂ ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರುಗಳವರೆಗೆ ತನ್ನ ಆಟಗಾರರಿಗೆ ಹಂಚಬಹುದು. ಗುಟ್ಟಿನ ಹಣವು ಬಹಿರಂಗದ ಹಣವಾದುದು ಒಳ್ಳೆಯದೇ. ಆದರೆ ವಿದ್ಯಾರ್ಥಿಯು ಕೂಲಿಯಾಳಾದ ಮೇಲೆ ಅವನನ್ನು ಕಾಲೇಜಿನಲ್ಲಿ ಇರಿಸಿಕೊಳ್ಳುವ ಅರ್ಥವೇನೆಂಬ ಪ್ರಶ್ನೆಗೆ ಅಲ್ಲಿ ಇನ್ನೂ ಉತ್ತರ ದೊರೆತಿಲ್ಲ.

ನಮ್ಮ ನಾಡಿನಲ್ಲಿ ಅಷ್ಟು ಹಣವಿಲ್ಲ, ಆದುದರಿಂದ ಅಷ್ಟು ಭಯವಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವರಿಗೆ ಕ್ರಿಕೆಟ್ಟಿನ ಒಂದು ನಿದರ್ಶನವನ್ನು ಕೊಡುತ್ತೇವೆ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಊರುಗಳ ಹೆಸರನ್ನಿಟ್ಟುಕೊಂಡ ತಂಡಗಳು ಹಣವಂತರ ಒಡೆತನಕ್ಕೆ ಸೇರಿದ್ದವು. ಮೋಸದಾಟದ ಆರೋಪದ ಮೇಲೆ 2019ರಲ್ಲಿ ಬೆಂಗಳೂರಿನ ಪೊಲೀಸರು ತಂಡದ ಒಡೆಯರೊಬ್ಬರನ್ನೂ ಆಟಗಾರರನ್ನೂ ಬಂಧಿಸಿದರು. 2022ರ ಜನವರಿಯಲ್ಲಿ ನಮ್ಮ ಉಚ್ಚ ನ್ಯಾಯಾಲಯವು, ಪಂದ್ಯವನ್ನು ಮೊದಲೇ ನಿಶ್ಚಯಿಸಿಕೊಂಡು ಆಡುವುದು ದಂಡಸಂಹಿತೆಯ 420ನೆಯ ಕಲಮಿನ ವಂಚನೆಯಾಗದು, ಅದಕ್ಕೆ ಶಿಸ್ತಿನ ಕ್ರಮ ಕೈಕೊಳ್ಳಬೇಕಾದುದು ಕ್ರಿಕೆಟ್ ಮಂಡಲಿ ಎಂದು ತೀರ್ಮಾನಿಸಿ ಆ ಮೊಕದ್ದಮೆಯನ್ನು ವಜಾ ಮಾಡಿತು. ನ್ಯಾಯಾಲಯವು ಇದ್ದ ಕಾನೂನನ್ನು ಓದಿ ಹೇಳಿತು. ಅದರಲ್ಲಿ ತಪ್ಪೆಣಿಸಲು ನಾವು ಯಾರು? ಆದರೆ ಇದ್ದ ಕಾನೂನು ಎಷ್ಟು ದೂರ ಬರುತ್ತದೆಂಬುದು ಅದರಿಂದ ಸ್ಪಷ್ಟವಾಯಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯ ದೃಷ್ಟಿಯು ಮುಖ್ಯವಾಗಿ ರಾಷ್ಟ್ರಮಟ್ಟದ ಕ್ರೀಡಾಸಂಘಗಳ ಮೇಲಿದೆ. ಹೊಸನಗರದ ರೈತನ ಕೈಯಲ್ಲಿರುವ ಕಾಗದದ ತನಕ ಅದು ಇಳಿದು ಬರುವುದೆಂದು ನಂಬಿ ಕೂರುವಂತಿಲ್ಲ.

ಕಂಪನಿಯ ಹಣವನ್ನೇ ಮುಟ್ಟಬಾರದೆಂದು ನಾವು ಹೇಳುವುದಿಲ್ಲ. ನಮ್ಮ ಸೀಮೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಬಯಲಿನ ಸಿಮೆಂಟು ಅಂಗಣದ ಮೇಲೆ ಹಾವಸೆ ಕಟ್ಟುತ್ತದೆ. ಮೇಲೆ ಮಾಡಿಲ್ಲದೆ ಈ ಆಟವನ್ನು ಕಲಿಸುವುದೇ ಕಷ್ಟ. ಸರ್ಕಾರದ ಅನುದಾನವೊಂದರಿಂದ ಆ ಮಾಡು ಏಳುವುದಿಲ್ಲವೆಂಬುದನ್ನು ಬಲ್ಲೆವು. ಆದರೆ ಅಡಿಕೆ ಬೆಳೆಗಾರರಿಗೆ ಮುಂಗಡವೆಂದರೇನೆಂಬುದನ್ನು ಬೇರೆಯವರು ಬಂದು ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಮಂಡಿಯ ಸಾಹುಕಾರನಿಂದ ಮುಂಗಡ ತಂದವನು ಸುಗ್ಗಿಯಲ್ಲಿ ತನ್ನ ಅಡಿಕೆಯನ್ನು ಅವನ ಮಂಡಿಗೇ, ಅವನು ಹೇಳಿದ ಧಾರಣೆಗೇ ಹಾಕಬೇಕಾಗುತ್ತಿದ್ದ ಕಾಲವೊಂದಿತ್ತು. ಮುಂಗಡವು ಪಾಪವಾಗಿರಲಿಲ್ಲ, ಮನೆಯನ್ನು ನಡೆಯಿಸುತ್ತಿದ್ದುದೇ ಅದು. ಮುಂಗಡದೊಡನೆ ಕೈಕಾಲುಗಳೂ ಕಟ್ಟಿಹೋಗುತ್ತಿದ್ದುದೇ ಕೇಡು. 1939ರಲ್ಲಿ ಮಲೆನಾಡಿನ ಬೆಳೆಗಾರರು ತಮ್ಮದೇ ಆದ ಮಾರಾಟ ಸಹಕಾರ ಸಂಘವನ್ನು ಕಟ್ಟಿಕೊಂಡಾಗ ಮುಂಗಡವನ್ನು ನಿಲ್ಲಿಸಲಿಲ್ಲ. ಅದನ್ನು ಎಲ್ಲರೂ ನೋಡಬಹುದಾದ ಲೆಕ್ಕದ ಪುಸ್ತಕಕ್ಕೆ ತಂದರು. ಕಾಲೇಜಿನ ಆಟಕ್ಕೂ ಬೇಕಾದುದು ಇದೇ.

ಆದುದರಿಂದ ನಮ್ಮ ಸೂಚನೆಗಳಿಷ್ಟು. ಆಟಗಾರನನ್ನು ಸೇರಿಸಿಕೊಳ್ಳುವ ಒಪ್ಪಂದವು ಕನ್ನಡದಲ್ಲಿರಬೇಕು. ತಂದೆತಾಯಿಗಳ ಎದುರಿಗೆ ಪ್ರಾಂಶುಪಾಲರೇ ಅದನ್ನು ಓದಿ ಹೇಳಿ ಪ್ರತಿಯೊಂದನ್ನು ಕೊಡಬೇಕು. ಆಟದಲ್ಲಿ ಗಾಯಗೊಂಡವನ ಶುಲ್ಕದ ರಿಯಾಯಿತಿಯು ಅವನು ಪದವಿಯನ್ನು ಮುಗಿಸುವವರೆಗೂ ನಡೆಯಬೇಕು. ಅಂಗಣಕ್ಕೆ ಬಾರದವನಾದರೂ ಅವನು ವಿದ್ಯಾರ್ಥಿಯೇ. ಕಂಪನಿಯಾಗಲಿ ಧನಿಕನಾಗಲಿ ಕೊಡುವ ಹಣವು ತರಬೇತುದಾರನ ಕೈಗೂ ಹುಡುಗನ ಮನೆಗೂ ಹೋಗದೆ ಕಾಲೇಜಿನ ಖಾತೆಗೆ ಬಂದು, ವರ್ಷಾಂತ್ಯದ ವರದಿಯಲ್ಲಿ ಕೊಟ್ಟವರ ಹೆಸರು, ಮೊಬಲಗು, ಷರತ್ತುಗಳೊಡನೆ ಅಚ್ಚಾಗಬೇಕು. ಕೊನೆಯದಾಗಿ, ಆಟದ ಮೇಲೆ ಸೇರಿದವರೆಷ್ಟು, ಪದವಿ ಪಡೆದವರೆಷ್ಟು ಎಂಬ ಎರಡೇ ಎರಡು ಅಂಕೆಗಳನ್ನು ಪ್ರತಿಯೊಂದು ಕಾಲೇಜೂ ಪ್ರಕಟಿಸಬೇಕು. ಗೆದ್ದ ಪದಕಗಳ ಫೋಟೋ ಎಲ್ಲರೂ ಪ್ರಕಟಿಸುತ್ತಾರೆ. ಈ ಎರಡು ಅಂಕೆಗಳು ಅದಕ್ಕಿಂತ ಹೆಚ್ಚಿನ ನಿಜವನ್ನು ಹೇಳುತ್ತವೆ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯಿದೆ ಬೇಕಿಲ್ಲ. 1987ರಲ್ಲಿ ಸ್ಥಾಪಿತವಾಗಿ ನಮ್ಮ ಜಿಲ್ಲೆಯ ಕಾಲೇಜುಗಳಿಗೆ ಹಿರಿಯ ಮನೆಯಂತಿರುವ ಕುವೆಂಪು ವಿಶ್ವವಿದ್ಯಾನಿಲಯವು ಮನಸ್ಸು ಮಾಡಿದರೆ ಬರುವ ವರ್ಷದೊಳಗೆ ಇವನ್ನು ಜಾರಿಗೆ ತಂದು ಇತರರಿಗೆ ಮೇಲ್ಪಂಕ್ತಿಯಾಗಬಹುದು.

ಈ ಸೀಮೆಯ ಜನರಿಗೆ ಇದು ಹೊಸ ಪಾಠವೂ ಅಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತುದು ಭತ್ತವನ್ನು ಅಳೆಯುವ ಕೊಳಗದ ವಿಷಯದಲ್ಲಿ. ಗೇಣಿ ಕೊಡಲಾರೆವೆಂದು ಅವರು ಮೊದಲಿಗೆ ಹೇಳಲಿಲ್ಲ; ಅಳತೆಯು ನ್ಯಾಯವಾಗಿರಲಿ ಎಂದರು. ಆಡಲು ಹೋಗುವ ನಮ್ಮ ಮಕ್ಕಳ ಪರವಾಗಿ ನಾವು ಕೇಳುವುದೂ ನ್ಯಾಯವಾದ ಕೊಳಗವನ್ನೇ.

ಹೊಸನಗರದ ಆ ತಂದೆಗೆ ನಾವು ಹೇಳಿದುದಿಷ್ಟು: "ಹುಡುಗನಿಗೆ ಗಾಯವಾದರೆ ಶುಲ್ಕ ಕೇಳುವುದಿಲ್ಲ, ಆಟ ಬಿಟ್ಟರೂ ಓದನ್ನು ನಿಲ್ಲಿಸುವುದಿಲ್ಲ ಎಂಬ ಎರಡು ಸಾಲುಗಳನ್ನು ಬರೆಯಿಸಿಕೊಂಡು ರುಜು ಹಾಕಿ, ಅಲ್ಲಿಯ ತನಕ ಹಾಕಬೇಡಿ." ಅವರು ಕಾಗದವನ್ನು ಮಡಿಸಿಕೊಂಡು ಹೊರಟರು. ಆ ಎರಡು ಸಾಲುಗಳನ್ನು ಕೇಳಿ ಪಡೆಯಬೇಕಾದ ಸ್ಥಿತಿಯು ಇನ್ನೊಬ್ಬ ತಂದೆಗೆ ಬಾರದಂತೆ, ಕೇಳುವ ಮೊದಲೇ ಅಚ್ಚು ಮಾಡಿಸಿ ಕೊಡುವುದು ನಮ್ಮ ಕಾಲೇಜುಗಳ ವ್ಯವಸ್ಥಾಪಕ ಮಂಡಲಿಗಳ ಕರ್ತವ್ಯ. ಅವರು ಈ ವಿಷಯವನ್ನು ತಮ್ಮ ಮುಂದಿನ ಸಭೆಯಲ್ಲಿಯೇ ಎತ್ತಿಕೊಳ್ಳುವರೆಂದು ಆಶಿಸುತ್ತೇವೆ.