ಥಂಡಿ ಎಲ್ಲರಿಗೂ ಒಂದೇ ಅಲ್ಲ

ರಾತ್ರಿ ಕರೆಂಟ್ ಬಂದಾಗ ಎದ್ದು ಗೋಧಿಗೆ ನೀರು ಹಾಯಿಸೋ ದಿನ ಇವು. ಒಬ್ಬರು ಬರೀ ಬನಿಯನ್ ಮ್ಯಾಲೆ ಇರ್ತಾರ, ಇನ್ನೊಬ್ಬರು ಕಂಬಳಿ ಹೊತ್ತರೂ ನಡಗ್ತಾರ. ನಡಗೋರನ್ನ ನೋಡಿ ‘ನಾಜೂಕು ಮನುಷ್ಯಾ’ ಅಂತ ನಗೋದು ಬಿಡಬೇಕು ಅನ್ನೋದು ನನ್ನ ಅಭಿಪ್ರಾಯ.

ಮೈಯೊಳಗಿನ ಕಾವು ಸುಮಾರು 37 ಡಿಗ್ರಿ ಇರಬೇಕು. ದುಡಿಯುವಾಗ, ನಡಗುವಾಗ ಕಾವು ಹುಟ್ಟಿಸೋದು ಸ್ನಾಯು. ಅದನ್ನ ಹಿಡಿದಿಡೋದು ಚರ್ಮದ ಕೆಳಗಿನ ಕೊಬ್ಬು. ಸಣಕಲು ಮೈಯವರಿಗೆ ಎರಡೂ ಕಡಿಮೆ. ರಕ್ತ ಕಡಿಮೆ ಇದ್ದವರಿಗೆ, ಥೈರಾಯ್ಡ್ ಸರಿಯಾಗಿ ಕೆಲಸ ಮಾಡದವರಿಗೆ ಥಂಡಿ ಜಾಸ್ತಿ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರೋರು ಬಾಳ ಮಂದಿ. ಅವರಿಗೆ ಬೇಕಾದ್ದು ನಮ್ಮ ಚ್ಯಾಷ್ಟಿ ಅಲ್ಲ, ರಕ್ತ ಪರೀಕ್ಷೆ.

ನಡಗದವರೆಲ್ಲ ಗಟ್ಟಿ ಅಂತಲೂ ತಿಳೀಬ್ಯಾಡ್ರಿ. ವಯಸ್ಸಾದವರಿಗೆ ಥಂಡಿ ಹತ್ತಿದ್ದು ತಡವಾಗಿ ಗೊತ್ತಾಗ್ತದ. ಕುಡಿದವರಿಗೆ ಬೆಚ್ಚಗ ಅನಿಸ್ತದ, ಆದರ ರಕ್ತ ಚರ್ಮದ ಕಡೆ ಹರಿದು ಒಳಗಿನ ಕಾವು ಹೊರಗ ಹೋಗ್ತದ. ಮ್ಯಾಲೆ ಬಟ್ಟೆ ತೊಯ್ದಿದ್ದರಂತೂ ಕೇಳಬ್ಯಾಡ್ರಿ.

ವಯಸ್ಸಾದವರನ್ನ ರಾತ್ರಿ ನೀರಿಗೆ ಒಬ್ಬರನ್ನೇ ಕಳಿಸಬ್ಯಾಡ್ರಿ. ಜೊತೆಗೆ ಒಣ ಬಟ್ಟೆ ಇರಲಿ. ನಡುಕ ತಾನೇ ನಿಂತು ಮಾತು ತೊದಲಿದರ ಥಂಡಿ ಹೋಯ್ತು ಅನ್ಕೋಬ್ಯಾಡ್ರಿ, ತಡಾ ಮಾಡದೇ ದವಾಖಾನಿಗೆ ಒಯ್ಯಿರಿ.